ಮಾತ್ರೆ ಕೊಟ್ಟರೂ ಮಗಳಿಗೆ ಮತ್ತೆ ಜಂತುಹುಳು ಯಾಕೆ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ 7 ವರ್ಷ, ಮಗನಿಗೆ ಎರಡೂವರೆ. ಫೆಬ್ರವರಿಯಲ್ಲಿ ಮಗಳಿಗೆ ಶಾಲೆಯಲ್ಲಿ, ಮಗನಿಗೆ ಅಂಗನವಾಡಿಯಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟರು. ಆದರೂ ಜುಲೈನಲ್ಲಿ ಮಗಳಿಗೆ ಮಲದ ಜೊತೆ ಎರೆಹುಳಕ್ಕಿಂತ ಉದ್ದದ ಒಂದು ಬಿಳಿ ಹುಳು ಬಿತ್ತು. ನಾವು ಕುಡಿಯುವುದು ಊರಿನ ಶುದ್ಧ ನೀರಿನ ಘಟಕದ ನೀರನ್ನೇ. ಮನೆಯಲ್ಲಿ ಶೌಚಾಲಯವೂ ಇದೆ. ಮಾವನವರು ಮಾತ್ರ ಅಡಿಕೆ ತೋಟಕ್ಕೇ ಹೋಗುತ್ತಾರೆ. ಬೆಲ್ಲ ಜಾಸ್ತಿ ತಿಂದಿದ್ದಕ್ಕೆ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ಮನೆಗೊಂದು ಒಳ್ಳೆ ವಾಟರ್ ಫಿಲ್ಟರ್ ತಂದರೆ ಸರಿಹೋಗುತ್ತಾ? ದೊಡ್ಡವರೂ ಮಾತ್ರೆ ತಗೋಬೇಕಾ?

ಉತ್ತರ: ಫಿಲ್ಟರ್‌ನ ದುಡ್ಡು ಸದ್ಯಕ್ಕೆ ಇಟ್ಟುಕೊಳ್ಳಿ ಅಮ್ಮ. ನೀವು ಬರೆದಿದ್ದು ನೋಡಿದರೆ ಈ ಹುಳು ಕುಡಿಯುವ ನೀರಿನಿಂದ ಬಂದಿರುವ ಸಾಧ್ಯತೆ ಕಡಿಮೆ. ಮಣ್ಣಿನಿಂದ ಬಂದಿರುವ ಸಾಧ್ಯತೆಯೇ ಜಾಸ್ತಿ. ಅಂಗಳ, ಹಿತ್ತಲು, ತೋಟ, ಮಕ್ಕಳ ಕೈ, ಉಗುರು, ಹಸಿ ಸೊಪ್ಪು, ಮೊದಲು ನೋಡಬೇಕಾದ ಜಾಗ ಇವು.

ಮಗಳಿಗೆ ಬಿದ್ದದ್ದು ದುಂಡುಹುಳು. ನಮ್ಮ ಕಡೆ ಬರೀ ಜಂತುಹುಳು ಅಂದರೆ ಜನ ಸಾಮಾನ್ಯವಾಗಿ ಹೇಳುವುದು ಇದನ್ನೇ. ಇದು ಒಂದು ಅಡಿಯವರೆಗೂ ಬೆಳೆಯುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳೆಲ್ಲ ಮಲದ ಜೊತೆ ಹೊರಗೆ ಬರುತ್ತವೆ. ಹೊರಗೆ ಬಿದ್ದ ತಕ್ಷಣ ಅವುಗಳಿಂದ ಯಾರಿಗೂ ಹುಳು ಆಗುವುದಿಲ್ಲ. ನೆರಳು, ತೇವ, ಬೆಚ್ಚಗಿನ ಮಣ್ಣು ಸಿಕ್ಕಿ ಎರಡು ಮೂರು ವಾರ ಕಳೆಯಬೇಕು. ಆಗ ಒಳಗಿನ ಮರಿ ಬಲಿಯುತ್ತದೆ. ಅಷ್ಟರಲ್ಲಿ ಮಲ ಮಣ್ಣಿನಲ್ಲಿ ಬೆರೆತು ಹೋಗಿರುತ್ತದೆ. ಕಣ್ಣಿಗೂ ಕಾಣುವುದಿಲ್ಲ, ವಾಸನೆಯೂ ಇರುವುದಿಲ್ಲ. ಮೊಟ್ಟೆ ಮಾತ್ರ ಅಲ್ಲೇ ಇರುತ್ತದೆ. ಅದರ ಸಿಪ್ಪೆ ಗಟ್ಟಿ, ಮೇಲೆ ಅಂಟು ಬೇರೆ. ಒಳ್ಳೆಯ ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಸಾಯುವುದು ಸುಡುಬಿಸಿಲಿಗೆ ಪೂರ್ತಿ ಒಣಗಿದಾಗ, ಇಲ್ಲಾ ಚೆನ್ನಾಗಿ ಬಿಸಿಯಾದಾಗ.

ಬಲಿತ ಮೊಟ್ಟೆ ಬಾಯಿಗೆ ಹೋದರೆ ಮರಿ ಕರುಳಿನಲ್ಲಿ ಹೊರಬಂದು, ರಕ್ತ ಸೇರಿ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಮತ್ತೆ ನುಂಗಿಸಿಕೊಂಡು ಕರುಳಿಗೇ ಬರುತ್ತದೆ. ಮೊಟ್ಟೆ ನುಂಗಿದ ದಿನದಿಂದ ಹುಳು ಬೆಳೆದು ತಾನೇ ಮೊಟ್ಟೆ ಇಡುವುದಕ್ಕೆ ಎರಡರಿಂದ ಮೂರು ತಿಂಗಳು. ಈಗ ನಿಮ್ಮ ಲೆಕ್ಕ ನೋಡಿ. ಫೆಬ್ರವರಿಯ ಮಾತ್ರೆ ಆಗ ಕರುಳಿನಲ್ಲಿದ್ದ ಹುಳುಗಳನ್ನು ತೆಗೆದಿದೆ. ಆಮೇಲೆ ಮಗಳು ಆಡುತ್ತಾ ಮತ್ತೆ ಮೊಟ್ಟೆ ನುಂಗಿದ್ದಾಳೆ. ಜುಲೈ ಹೊತ್ತಿಗೆ ಹುಳು ಬೆಳೆದಿದೆ. ಮಾತ್ರೆಯನ್ನು ದೂರುವ ಹಾಗಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ದುಂಡುಹುಳು ಹೊಟ್ಟೆಯೊಳಗೇ ಮರಿ ಹಾಕಿ ಹೆಚ್ಚಾಗುವುದಿಲ್ಲ. ಹೊಟ್ಟೆಯಲ್ಲಿ ಹತ್ತು ಹುಳು ಇದ್ದರೆ ಮಗು ಹೊರಗಿನಿಂದ ಹತ್ತು ಮೊಟ್ಟೆಯನ್ನಾದರೂ ನುಂಗಿದೆ ಅಂತಲೇ ಅರ್ಥ. ಮೊಟ್ಟೆ ಬಾಯಿಗೆ ಬರುವ ದಾರಿ ಹಾಗೇ ಇದ್ದರೆ ಮಾತ್ರೆ ಕೊಟ್ಟಷ್ಟೂ ಸಲ ಹುಳು ಮರಳಿ ಬರುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2012ರಲ್ಲಿ ಲೆಕ್ಕ ಹಾಕಿದ್ದಾರೆ. ಮಾತ್ರೆ ಕೊಟ್ಟ 6 ತಿಂಗಳಿಗೆ ದುಂಡುಹುಳು ಇದ್ದವರ ಪ್ರಮಾಣ ಮೊದಲಿದ್ದುದರ ಶೇ 68ಕ್ಕೆ ಬಂದಿತ್ತು. ವರ್ಷ ತುಂಬುವುದರೊಳಗೆ ಶೇ 94ಕ್ಕೆ ಏರಿತ್ತು. ಹಾಗಂತ ಮಾತ್ರೆ ಬಿಡಬೇಡಿ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಿಂದ ಹುಳುವಿನ ಹೊರೆ ಇಳಿಯುತ್ತದೆ, ಮಣ್ಣಿಗೆ ಬೀಳುವ ಮೊಟ್ಟೆಯೂ ಕಡಿಮೆಯಾಗುತ್ತದೆ. ಆದರೆ ಮಾತ್ರೆ ಒಂದೇ ಸಾಲದು.

ನೀರಿನ ಬಗ್ಗೆ ಕೇಳಿದಿರಿ. ನಿಮ್ಮ ಅತ್ತೆ ಮಾವನವರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಅವರ ವಯಸ್ಸಿನವರು ಕೇಳಿರುತ್ತಾರೆ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರಿಂದ ದಾರದಂಥ ಉದ್ದ ಹುಳು ದಿನಾ ಸ್ವಲ್ಪ ಸ್ವಲ್ಪ ಹೊರಬರುತ್ತಿತ್ತು. ಕರ್ನಾಟಕವೂ ಆ ರೋಗವಿದ್ದ ರಾಜ್ಯಗಳಲ್ಲಿ ಒಂದು. ಹುಣ್ಣಿದ್ದವರು ಮೆಟ್ಟಿಲು ಬಾವಿಗೆ ಇಳಿದರೆ ಹುಳು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ನೀರಿನಲ್ಲಿರುವ ಸಣ್ಣ ಜೀವಿಗಳು ಆ ಮರಿಗಳನ್ನು ತಿನ್ನುತ್ತಿದ್ದವು. ಆ ನೀರು ಕುಡಿದವರಿಗೆ ರೋಗ. ಅದಕ್ಕೆ ಮಾತ್ರೆಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಸಿ, ಮೆಟ್ಟಿಲು ಬಾವಿಗೆ ಜನ ಇಳಿಯದಂತೆ ಮಾಡಿ, ಬೋರ್‌ವೆಲ್ ಹಾಕಿಸಿ, ನೀರಿಗೆ ಔಷಧಿ ಹಾಕಿ ಅದನ್ನು ದೇಶದಿಂದಲೇ ಓಡಿಸಿದರು. ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು.

ಅದು ಕುಡಿಯುವ ನೀರಿನ ದಾರಿಯಲ್ಲೇ ಬರುತ್ತಿದ್ದ ಹುಳು. ನೀರನ್ನು ಸರಿಮಾಡಿದ್ದಕ್ಕೆ ಹೋಯಿತು. ಇವತ್ತಿನ ಜಂತುಹುಳುವಿನ ದಾರಿ ಬೇರೆ. ಘಟಕದ ಆರ್‌ಒ ನೀರಿನಲ್ಲಿ ಅದರ ಮೊಟ್ಟೆ ಬರುವುದಿಲ್ಲ, ಅಷ್ಟು ದೊಡ್ಡ ಮೊಟ್ಟೆ ಅಲ್ಲಿ ನೀರು ಸೋಸುವ ಪೊರೆ ದಾಟುವುದಿಲ್ಲ. ಚಿತ್ರದುರ್ಗದ ಕಡೆ ಫ್ಲೋರೈಡ್ ಇರುವ ಊರುಗಳಿಗೆ ಆ ನೀರು ಬೇಕೇ ಬೇಕು, ಅದು ಬೇರೆ ಮಾತು. ನಿಮ್ಮ ಮನೆಯಲ್ಲಿ ನೋಡಬೇಕಾದ್ದು ನೀರು ಮನೆಗೆ ಬಂದ ಮೇಲಿನ ಕಥೆ. ಕೊಡದ ಮುಚ್ಚಳ ತೆಗೆದು ಮಕ್ಕಳು ಮಣ್ಣಿನ ಕೈಯಲ್ಲೇ ಲೋಟ ಅದ್ದುತ್ತಾರಾ? ಹಾಗಿದ್ದರೆ ನಲ್ಲಿ ಇರುವ ಡ್ರಮ್ ಇಡಿ, ಇಲ್ಲಾ ಉದ್ದ ಹಿಡಿಯ ಸೌಟು ಇಡಿ. ಬ್ಲೀಚಿಂಗ್ ಪೌಡರ್ ಹಾಕಿದ ನೀರು ವಾಂತಿಭೇದಿ ತಡೆಯುತ್ತದೆ, ಆದರೆ ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ದುಂಡುಹುಳುವಿನ ಮೊಟ್ಟೆ ಸಾಯುವುದಿಲ್ಲ. ಕುದಿಸಿದರೆ ಸಾಯುತ್ತದೆ.

ಇನ್ನು ನಿಮ್ಮ ಎರಡೂವರೆ ವರ್ಷದ ಮಗನ ವಿಷಯ. ನೀವು ಅವನ ಬಗ್ಗೆ ಏನೂ ಕೇಳಿಲ್ಲ. ನನಗೆ ಮೊದಲು ಕೇಳಬೇಕು ಅನ್ನಿಸಿದ್ದು ಅದೇ: ಅವನು ಕಕ್ಕಸು ಎಲ್ಲಿ ಮಾಡುತ್ತಾನೆ? ಶೌಚಾಲಯ ಇರುವ ಮನೆಗಳಲ್ಲೂ ಚಿಕ್ಕ ಮಕ್ಕಳನ್ನು ಅಂಗಳದ ಅಂಚಿನಲ್ಲೋ ಚರಂಡಿ ಪಕ್ಕದಲ್ಲೋ ಕೂರಿಸುತ್ತಾರೆ. ಆಮೇಲೆ ಪೇಪರ್ ತುಂಡಲ್ಲಿ ಬಳಿದು ತಿಪ್ಪೆಗೆ ಎಸೆಯುತ್ತಾರೆ. ಹಿತ್ತಲ ಕಲ್ಲಿನ ಮೇಲೆ ನಿಲ್ಲಿಸಿ ತೊಳೆಯುತ್ತಾರೆ, ಆ ನೀರು ಕರಿಬೇವಿನ ಗಿಡದ ಬುಡಕ್ಕೆ ಹರಿಯುತ್ತದೆ. ಕೈಯನ್ನು ಸೆರಗಿಗೆ ಒರೆಸಿಕೊಂಡರೆ ಮುಗಿಯಿತು. ಕೂಸಿನದು ತಾನೇ, ಅದರಿಂದ ಏನಾಗುತ್ತೆ ಅನ್ನುವ ಭಾವನೆ ಎಲ್ಲರಲ್ಲೂ ಇದೆ. ಆದರೆ ದುಂಡುಹುಳು, ಚಾಟಿಹುಳು ಅನ್ನುವ ಇನ್ನೊಂದು ಕರುಳಿನ ಹುಳು, ಎರಡೂ ಜಾಸ್ತಿ ಇರುವುದು ಮಕ್ಕಳ ಹೊಟ್ಟೆಯಲ್ಲೇ. ಅಂಗಳದಲ್ಲಿ ಬಿದ್ದ ಅಷ್ಟು ಸ್ವಲ್ಪ ಮಲದಲ್ಲಿ ಸಾವಿರಾರು ಮೊಟ್ಟೆ ಇರಬಹುದು. ಮೂರು ವಾರದ ನಂತರ ಅದೇ ಜಾಗದಲ್ಲಿ ಅಕ್ಕ ಕುಂಟೆಬಿಲ್ಲೆ ಆಡುತ್ತಾಳೆ.

ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನು ಸರಿಮಾಡಿ. ಮಗನಿಗೊಂದು ಪ್ಲಾಸ್ಟಿಕ್ ಪಾಟಿ ತನ್ನಿ. ಕೂರಿಸುವ ಮುಂಚೆ ಅದರ ತಳಕ್ಕೆ ಸ್ವಲ್ಪ ನೀರು ಹಾಕಿ, ಅಂಟುವುದಿಲ್ಲ. ಆದ ಮೇಲೆ ಮಲವನ್ನು ಶೌಚಾಲಯದ ಬೇಸಿನ್‌ಗೇ ಸುರಿಯಿರಿ. ಪಾಟಿ ತೊಳೆದ ನೀರನ್ನೂ ಅಲ್ಲಿಗೇ ಹಾಕಿ. ಅವನನ್ನು ತೊಳೆಸುವುದೂ ಶೌಚಾಲಯದೊಳಗೇ ಆಗಲಿ. ಡೈಪರ್ ಹಾಕುವವರಾದರೆ ಅದರಲ್ಲಿರುವುದನ್ನು ಮೊದಲು ಬೇಸಿನ್‌ಗೆ ಹಾಕಿ, ಆಮೇಲೆ ಸುತ್ತಿ ಕಸಕ್ಕೆ ಕೊಡಿ. ಕೊನೆಗೆ ನಿಮ್ಮ ಕೈಗೂ ಅವನ ಕೈಗೂ ಸೋಪು. ಈ ಮನೆಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯ ಅಂದರೆ ನಾನು ಇದನ್ನೇ ಮಾಡಿ ಅನ್ನುತ್ತೇನೆ.

ಕೈ ತೊಳೆಯುವುದರಲ್ಲೂ ಸ್ವಲ್ಪ ಹೇಳಬೇಕು. ಸೋಪು ಜಂತುಹುಳುವಿನ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಉಜ್ಜಿದಾಗ ಅಂಟು ಬಿಡಿಸಿ ನೀರಿನಲ್ಲಿ ಕಳಿಸುತ್ತದೆ. ಹಾಗಾಗಿ ಉಜ್ಜುವುದೇ ಮುಖ್ಯ. ಬೆರಳ ಸಂದಿ, ಉಗುರಿನ ಅಡಿ, ಇಪ್ಪತ್ತು ಸೆಕೆಂಡ್. ಸ್ಯಾನಿಟೈಸರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಊಟಕ್ಕೆ ಮುಂಚೆ ಬಲಗೈ ಬೆರಳ ತುದಿಗೆ ಸುಮ್ನೆ ನಾಲ್ಕು ಹನಿ ನೀರು ಸೋಕಿಸಿಕೊಳ್ಳುವುದೂ ಕೈ ತೊಳೆದಂತಲ್ಲ. ಒಂದೇ ಬೋಗುಣಿಯಲ್ಲಿ ಎಲ್ಲರೂ ಕೈ ಅದ್ದುವುದೂ ಅಲ್ಲ. ತಂಬಿಗೆಯಿಂದಲೋ ನಲ್ಲಿಯಿಂದಲೋ ನೀರು ಬಿದ್ದು ಹರಿದು ಹೋಗಬೇಕು.

ಊಟದ ಹೊತ್ತಲ್ಲಿ ಹೇಗೋ ತಾಯಂದಿರು ಕೈ ತೊಳೆಸುತ್ತಾರೆ. ತಪ್ಪುವುದು ಸಂಜೆ. ನಮ್ಮ ಕಡೆ ಸಂಜೆ ಅಂದರೆ ಮಂಡಕ್ಕಿ ಇರಲೇಬೇಕು, ಅಲ್ವಾ? ಮಕ್ಕಳು ಆಟ ಬಿಟ್ಟು ಓಡಿ ಬರುತ್ತಾರೆ, ಮಂಡಕ್ಕಿ ಮುಕ್ಕುತ್ತಾರೆ, ಮತ್ತೆ ಓಡುತ್ತಾರೆ. ಒಣ ತಿಂಡಿ ಆದ್ದರಿಂದ ಕೈ ಕೊಳೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಮಂಡಕ್ಕಿ ತಟ್ಟೆ ಕೊಡುವ ಮುಂಚೆ ಬಚ್ಚಲಿಗೆ ಕಳಿಸಿ. ಸೋಪು ಮೇಲಿನ ಗೂಡಿನಲ್ಲಿದ್ದರೆ ಏಳು ವರ್ಷದ ಮಗು ತೊಳೆಯುವುದಿಲ್ಲ. ಅವಳ ಕೈಗೆ ಸಿಗುವ ಎತ್ತರದಲ್ಲಿ ಸೋಪು, ನೀರು ಎರಡೂ ಇರಲಿ. ವಾರಕ್ಕೊಮ್ಮೆ ಉಗುರು ಕತ್ತರಿಸಿ.

ನೀರಿನ ವಿಷಯದಲ್ಲಿ ನನ್ನ ನಿಜವಾದ ಕಾಳಜಿ ಇರುವುದು ಇಲ್ಲಿ. ಹುಳು ತಡೆಯಲು ಕುಡಿಯುವ ನೀರು ಎಷ್ಟು ಶುದ್ಧ ಅನ್ನುವುದಕ್ಕಿಂತ ತೊಳೆಯಲು ನೀರು ಎಷ್ಟಿದೆ ಅನ್ನುವುದು ದೊಡ್ಡ ಪ್ರಶ್ನೆ. ಮನೆ ಮನೆಗೆ ಗಂಗೆ ಅನ್ನುವ ನಲ್ಲಿ ನೀರಿನ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಏಪ್ರಿಲ್–ಮೇನಲ್ಲಿ ಬೋರ್ ಬತ್ತಿ ಟ್ಯಾಂಕರ್‌ಗೆ ಕಾಯುವಾಗ ಮನೆಯವರು ಅಡುಗೆಯ ನೀರು ಕಡಿಮೆ ಮಾಡುವುದಿಲ್ಲ. ಮೊದಲು ಕಡಿಮೆಯಾಗುವುದು ಕೈ ತೊಳೆಯುವ ನೀರು, ಶೌಚಾಲಯಕ್ಕೆ ಸುರಿಯುವ ನೀರು. ಅಂಥ ಕಡೆ ಐದು ಲೀಟರಿನ ಹಳೇ ಎಣ್ಣೆ ಕ್ಯಾನಿಗೆ ತೂತು ಮಾಡಿ, ಕೋಲಿಗೆ ನೇತುಹಾಕಿ, ಹಗ್ಗಕ್ಕೊಂದು ಕಟ್ಟಿಗೆ ಕಟ್ಟಿ ಕಾಲಲ್ಲಿ ಒತ್ತಿದರೆ ಬಗ್ಗಿ ನೀರು ಬೀಳುವಂತೆ ಮಾಡಬಹುದು. ಸಣ್ಣ ಧಾರೆ ಬೀಳುತ್ತದೆ, ನೀರು ಬಹಳ ಕಡಿಮೆ ಸಾಕು. ಶಾಲೆಗಳಲ್ಲಿ ಬಿಸಿಯೂಟಕ್ಕೆ ಮುಂಚೆ ಇಂಥ ನಾಲ್ಕೈದು ಕ್ಯಾನ್ ಇದ್ದರೆ ಮಕ್ಕಳು ಸಾಲಲ್ಲಿ ಬೇಗ ತೊಳೆದು ಹೋಗುತ್ತಾರೆ.

ಈಗ ಮಾವನವರ ವಿಷಯ. ಅಡಿಕೆ ತೋಟ ಅಂದರೆ ನೆರಳು, ಡ್ರಿಪ್‌ನ ತೇವ, ಬೆಚ್ಚಗಿನ ಸಡಿಲ ಮಣ್ಣು. ಕೊಕ್ಕೆಹುಳು ಅನ್ನುವ ಇನ್ನೊಂದು ಜಾತಿಯ ಹುಳುವಿಗೆ ಬೇಕಾದ್ದೆಲ್ಲ ಅಲ್ಲಿದೆ. ಇದರ ಮೊಟ್ಟೆ ಮಣ್ಣಿನಲ್ಲಿ ಒಂದೆರಡು ದಿನಕ್ಕೇ ಒಡೆಯುತ್ತದೆ. ಐದರಿಂದ ಹತ್ತು ದಿನದಲ್ಲಿ ಮರಿ ಸಿದ್ಧವಾಗಿ ಮೇಲ್ಮಣ್ಣಿನಲ್ಲಿ ಕಾಯುತ್ತದೆ. ಬಾಯಿಗೆ ಹೋಗಬೇಕಾಗಿಲ್ಲ, ಬರಿಗಾಲಿನ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಬೆರಳ ಸಂದಿಯಲ್ಲಿ ಕಡಿತ, ಸಣ್ಣ ಗುಳ್ಳೆ ಬರುತ್ತದೆ. ಜನ ಅದನ್ನು ಕೆಸರಿನ ಕಡಿತ ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ಅದು ಕರುಳಿಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ. ತೋಟದಲ್ಲಿ ಕಳೆ ತೆಗೆಯುವ, ಹಾಳೆ ಆಯುವ ಹೆಂಗಸರಿಗೆ ಸುಸ್ತು, ಏದುಸಿರು, ಮುಖ ಬಿಳಿಚಿಕೊಳ್ಳುವುದು ಇದ್ದರೆ ಕಬ್ಬಿಣದ ಮಾತ್ರೆಯ ಜೊತೆ ಹುಳುವಿನ ಪರೀಕ್ಷೆಯೂ ಆಗಬೇಕು. ಹರಿಹರ, ಮಲೇಬೆನ್ನೂರು ಕಡೆಯ ಭತ್ತದ ಗದ್ದೆಯಲ್ಲಿ ನಿಂತ ನೀರಿನ ಅಡಿ ಈ ಮೊಟ್ಟೆ ಬೆಳೆಯುವುದು ಕಷ್ಟ. ಅಲ್ಲಿ ಅಪಾಯ ಇರುವುದು ಬದುವಿನ ಮೇಲೆ, ನಾಲೆಯ ಏರಿ ಮೇಲೆ, ಅಂದರೆ ಜನ ಹೋಗಿ ಕೂರುವ ಜಾಗದಲ್ಲಿ.

ಚಪ್ಪಲಿ ಹಾಕುವುದು ಇದಕ್ಕೆ ಒಳ್ಳೆಯ ತಡೆ. ತೋಟದ ಕೆಸರಿಗೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ, ಬಾರು ಕಿತ್ತು ಕೈಗೆ ಬರುತ್ತದೆ. ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಚಪ್ಪಲಿ ಅಥವಾ ಗಮ್‌ಬೂಟ್ ಇರಲಿ. ಮಕ್ಕಳಿಗೂ ಅಷ್ಟೇ.

ಆದರೆ ಚಪ್ಪಲಿಯಿಂದ ಎಲ್ಲ ಮುಗಿಯುವುದಿಲ್ಲ. ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಶೌಚಾಲಯ ಕಟ್ಟಿಸುವ ಯೋಜನೆ ನಡೆದ ಹಳ್ಳಿಗಳಲ್ಲಿ ಶೌಚಾಲಯ ಇರುವ ಮನೆಗಳು ಶೇ 9ರಿಂದ ಶೇ 63ಕ್ಕೆ ಏರಿದವು. ಆದರೂ ಜಂತುಹುಳು ಕಡಿಮೆಯಾಗಲಿಲ್ಲ. ಹಲವು ಮನೆಗಳಿಗೆ ಶೌಚಾಲಯ ಬಂದಿರಲಿಲ್ಲ, ಬಂದ ಕಡೆಯೂ ಎಲ್ಲರೂ ಬಳಸುತ್ತಿರಲಿಲ್ಲ, ಚಿಕ್ಕ ಮಕ್ಕಳ ಮಲ ಹೊರಗೇ ಬೀಳುತ್ತಿತ್ತು. ಇದು ಶೌಚಾಲಯ ದಂಡ ಅನ್ನುವುದಕ್ಕೆ ಸಾಕ್ಷಿಯಲ್ಲ. ಮನೆಯಲ್ಲಿ ಒಬ್ಬರು ಹೊರಗೆ ಹೋದರೂ ಮಣ್ಣಿಗೆ ಮೊಟ್ಟೆ ಬೀಳುತ್ತಲೇ ಇರುತ್ತದೆ ಅನ್ನುವುದಕ್ಕೆ ಸಾಕ್ಷಿ.

ಮಾವನವರಿಗೆ ಸೊಸೆ ಹೇಳುವುದು ಕಷ್ಟ, ನನಗೆ ಅರ್ಥವಾಗುತ್ತದೆ. ನಿಮ್ಮ ಯಜಮಾನರು ಮಾತಾಡಲಿ. ಬುದ್ಧಿ ಹೇಳುವ ಬದಲು ಅವರಿಗೆ ಏನು ತೊಂದರೆ ಅಂತ ಕೇಳಲಿ. ವಯಸ್ಸಾದವರಿಗೆ ಮೊಣಕಾಲು ಬಗ್ಗುವುದಿಲ್ಲ, ಎದ್ದು ನಿಲ್ಲಲು ಹಿಡಿಯಲು ಏನೂ ಇರುವುದಿಲ್ಲ. ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಿಸಿ, ಬೇಸಿನ್ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ, ಒಳಗೆ ಒಂದು ಬಲ್ಬ್ ಇರಲಿ. ಗುಂಡಿ ಬೇಗ ತುಂಬಿಬಿಡುತ್ತದೆ ಅನ್ನುವ ಹೆದರಿಕೆಯಿಂದ ಹೊರಗೆ ಹೋಗುವ ಹಿರಿಯರೂ ಬಹಳ ಇದ್ದಾರೆ. ಆ ಹೆದರಿಕೆಗೆ ಉತ್ತರ ಅವಳಿ ಗುಂಡಿ. ಒಂದು ತುಂಬಿದಾಗ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸುತ್ತಾರೆ. ಮುಚ್ಚಿದ ಗುಂಡಿ ಎರಡು ವರ್ಷ ಹಾಗೇ ಇದ್ದರೆ ಒಳಗಿನದು ವಾಸನೆ ಇಲ್ಲದ ಗೊಬ್ಬರವಾಗುತ್ತದೆ. ಆ ಎರಡು ವರ್ಷದ ಲೆಕ್ಕ ಹುಳುವಿನ ಮೊಟ್ಟೆಗಾಗಿಯೇ ಇರುವುದು. ಆರು ತಿಂಗಳಿಗೇ ತೆಗೆದರೆ ಜೀವಂತ ಮೊಟ್ಟೆಯನ್ನೇ ಹೊಲಕ್ಕೆ ಹಾಕಿದಂತಾಗುತ್ತದೆ.

ಇದೇ ಕಾರಣಕ್ಕೆ ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ಎಚ್ಚರ ಬೇಕು. ಮೊಟ್ಟೆ ಭಾರ ಇರುವುದರಿಂದ ಟ್ಯಾಂಕಿನ ತಳದ ಹೂಳಿನಲ್ಲಿ ಕೂರುತ್ತದೆ. ಟ್ಯಾಂಕ್ ತುಂಬಿದಾಗ ಸಕ್ಕಿಂಗ್ ಗಾಡಿ ಬರುತ್ತದೆ, ಹೀರಿದ್ದನ್ನು ಹತ್ತಿರದ ತೋಟಕ್ಕೇ ಬಿಡುವುದುಂಟು. ಅಡಿಕೆ ಮರಕ್ಕೆ ಒಳ್ಳೆ ಗೊಬ್ಬರ ಅಂತ ಕರೆದು ಬಿಡಿಸಿಕೊಳ್ಳುವವರೂ ಇದ್ದಾರೆ. ಆ ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ಹಸಿ ಹೂಳನ್ನು ತೋಟಕ್ಕೆ ಬಿಡಿಸಲೇಬೇಡಿ. ಅದನ್ನು ಸಂಸ್ಕರಿಸಿ ಗೊಬ್ಬರ ಮಾಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲೇ ದೇವನಹಳ್ಳಿಯಲ್ಲಿ 2015ರಿಂದ ಇದೆ. ತಾಲ್ಲೂಕಿಗೊಂದು ಹಾಗೆ ಬೇಕು ಅಂತ ಗ್ರಾಮಸಭೆಯಲ್ಲಿ ಕೇಳಿ. ರಕ್ಷಣಾ ಸಾಧನಗಳಿಲ್ಲದೆ ಗುಂಡಿಯೊಳಗೆ ಮನುಷ್ಯರನ್ನು ಇಳಿಸುವುದಂತೂ 2013ರ ಕಾಯ್ದೆ ಪ್ರಕಾರ ಅಪರಾಧ.

ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಿಕೆ, ಮೂಲಂಗಿ, ಈರುಳ್ಳಿ ಸೊಪ್ಪು ತಿನ್ನುವುದು ನಮ್ಮ ಊಟದ ಸೊಗಸು. ಬಿಡಿ ಅಂತ ಹೇಳುವುದಿಲ್ಲ. ಬೇರು ಕತ್ತರಿಸಿ, ಎಲೆ ಬಿಡಿಸಿ, ಮೂರು ನಾಲ್ಕು ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಕೊನೆಯ ನೀರಿನಲ್ಲಿ ಮಣ್ಣು ಒಂದಿಷ್ಟೂ ಕಾಣಬಾರದು. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಮೊಟ್ಟೆ ಸಾಯುತ್ತದೆ ಅನ್ನುವುದನ್ನು ನಂಬಬೇಡಿ. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು ಅಂತ ಗೊತ್ತಿದ್ದರೆ ಬೇಯಿಸಿಯೇ ತಿನ್ನಿ.

ಇಲ್ಲೇ ಲಾಡಿಹುಳುವಿನ ಮಾತೂ ಬರುತ್ತದೆ. ನಾವು ಮಾಂಸ ಮುಟ್ಟುವವರಲ್ಲ, ನಮಗೆ ಹಂದಿಯ ಹುಳು ಹೇಗೆ ಬರುತ್ತೆ ಅಂತ ಕೇಳುವವರಿದ್ದಾರೆ. ಸರಿಯಾಗಿ ಬೇಯಿಸದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಬಂದ ಮೊಟ್ಟೆ ಸೊಪ್ಪಿನ ಮೂಲಕವೋ ಕೈಯ ಮೂಲಕವೋ ಬೇರೆಯವರ ಬಾಯಿಗೆ ಹೋದರೆ ಮರಿ ಮಿದುಳಿಗೆ ಹೋಗಿ ಗಂಟಾಗಿ ಕೂರಬಹುದು. ಅದರಿಂದ ಫಿಟ್ಸ್ ಬರುತ್ತದೆ. ಜನ್ಮದಲ್ಲಿ ಮಾಂಸ ತಿನ್ನದವರಿಗೂ ಇದು ಬರುತ್ತದೆ, ಯಾಕೆಂದರೆ ಅವರು ನುಂಗಿದ್ದು ಮಾಂಸವನ್ನಲ್ಲ, ಮೊಟ್ಟೆಯನ್ನು.

ಅತ್ತೆಯವರಿಗೆ ಹೇಳಿ, ಬೆಲ್ಲದಿಂದ ಹುಳು ಹುಟ್ಟುವುದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದೂ ಹುಳುವಿನ ಗುರುತಲ್ಲ. ಸಗಣಿಯಲ್ಲಿ ಸಾರಿಸಿದ್ದಕ್ಕೂ ಮನುಷ್ಯರ ದುಂಡುಹುಳು ಬರುವುದಿಲ್ಲ. ಆದರೆ ಮಣ್ಣಿನ ನೆಲಕ್ಕಿಂತ ಸಿಮೆಂಟ್ ನೆಲ ಒಳ್ಳೆಯದು, ಒರೆಸಿ ಒಣಗಿಸಬಹುದು. ಮೆಕ್ಸಿಕೋದಲ್ಲಿ ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟ್ ಹಾಕಿಸಿದಾಗ ಮಕ್ಕಳ ಹೊಟ್ಟೆಯ ಪರಾವಲಂಬಿ ಜೀವಿಗಳ ಸೋಂಕು ಶೇ 78ರಷ್ಟು ಇಳಿದಿತ್ತು. ಫಿಲ್ಟರ್‌ಗೆ ಇಟ್ಟ ದುಡ್ಡನ್ನು ಮಕ್ಕಳು ಆಡುವ ಜಗುಲಿಗೆ ಹಾಕಿದರೆ ನನಗೆ ಸಂತೋಷ.

ಮಗಳಿಗೆ ರಾತ್ರಿ ಹೊತ್ತು ಗುದದ ಹತ್ತಿರ ತುರಿಕೆ, ದಾರದ ಚೂರಿನಂಥ ಸಣ್ಣ ಬಿಳಿ ಹುಳು ಕಂಡರೆ ಅದು ಸೂಜಿಹುಳು, ಬೇರೆಯದೇ ಜಾತಿ. ಅದಕ್ಕೆ ಮನೆಯವರೆಲ್ಲ ಒಟ್ಟಿಗೆ ಔಷಧಿ ತಗೊಂಡು ಎರಡು ವಾರಕ್ಕೆ ಮತ್ತೊಮ್ಮೆ ತಗೋಬೇಕು. ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಬೇಕು, ಬೆಳಿಗ್ಗೆ ಎದ್ದ ಕೂಡಲೇ ಸ್ನಾನ ಮಾಡಿಸಬೇಕು.

ಕೊನೆಗೆ ದೊಡ್ಡವರ ಮಾತ್ರೆ. ಸರ್ಕಾರ ಕೊಡುವ ಆಲ್ಬೆಂಡಜೋಲ್ 1ರಿಂದ 19 ವರ್ಷದವರಿಗೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ನಿಮ್ಮ ಮಗನಿಗೆ ಪೂರ್ತಿ ಮಾತ್ರೆಯೇ, ಆದರೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಿ, ಗಂಟಲಿಗೆ ಸಿಕ್ಕಿಕೊಳ್ಳಬಾರದು. ಮಗಳಿಗೆ ಈಗ ಹುಳು ಬಿದ್ದಿರುವುದರಿಂದ ಶಾಲೆಯಲ್ಲಿ ಮತ್ತೆ ಮಾತ್ರೆ ಕೊಡುವ ಆಗಸ್ಟ್ ಸುತ್ತಿಗೆ ಕಾಯುವುದು ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಔಷಧಿ ಕೊಡಿಸಿ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಹೊಟ್ಟೆ ಉಬ್ಬಿ, ಬಿಡದೆ ನೋವು, ವಾಂತಿ, ಗಾಳಿಯೂ ಹೋಗದಂತಾದರೆ ಹುಳುಗಳು ಕರುಳಿಗೆ ಅಡ್ಡ ಸಿಕ್ಕಿಕೊಂಡಿರಬಹುದು. ಆಗ ತಡಮಾಡದೆ ದಾವಣಗೆರೆಯ ದೊಡ್ಡಾಸ್ಪತ್ರೆಗೇ ಕರೆದುಕೊಂಡು ಹೋಗಿ. ಮನೆಯ ದೊಡ್ಡವರು, ಮುಖ್ಯವಾಗಿ ತೋಟಕ್ಕೆ ಹೋಗುವವರು, ಮಲ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದರೆ ಮಾತ್ರೆ ತಗೊಳ್ಳಿ. ಗರ್ಭಿಣಿಯರು ಮೊದಲ ಮೂರು ತಿಂಗಳು ತಗೋಬಾರದು. ಫಿಟ್ಸ್ ಬಂದ ಇತಿಹಾಸ ಇರುವವರು ಯಾರೇ ಆಗಲಿ, ಈ ಮಾತ್ರೆ ನುಂಗುವ ಮುಂಚೆ ವೈದ್ಯರಿಗೆ ಅದನ್ನು ಹೇಳಲೇಬೇಕು. ಮಿದುಳಿನಲ್ಲಿ ಲಾಡಿಹುಳುವಿನ ಗಂಟು ಇದ್ದರೆ ಮಾತ್ರೆಯಿಂದ ಅದರ ಸುತ್ತ ಊತ ಬಂದು ಮತ್ತೆ ಫಿಟ್ಸ್ ಆಗಬಹುದು.